ಆರುನೂರು ಡಾಲರಿನೊಳಗೆ ಒಂದು ಬ್ಲಾಸ್ಟರ್

ಟೂ-ಸ್ಟ್ರೋಕ್ ಸ್ಪೋರ್ಟ್ ಎಟಿವಿಗಳ (ಮರಳು, ಮಣ್ಣಿನಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿಗಳ) ಕಾಲ ಅಮೆರಿಕದಲ್ಲಿ ಮುಗಿದು ವರ್ಷಗಳೇ ಆದವು. ಹೋಂಡಾ ತನ್ನ ಟಿಆರ್‌ಎಕ್ಸ್ 250ಆರ್ ಅನ್ನು 1989ಕ್ಕೇ ನಿಲ್ಲಿಸಿತು. ಸುಜುಕಿಯ ಎಲ್‌ಟಿ 250ಆರ್ 1992ಕ್ಕೆ ಮುಗಿಯಿತು. ಯಮಹಾ ಮಾತ್ರ ಎರಡು ಗಾಡಿಗಳನ್ನು 2006ರವರೆಗೂ ಮಾರಿತು: ನೀರಿನಿಂದ ತಣಿಯುವ, ಎರಡು ಸಿಲಿಂಡರಿನ 347 ಸಿ.ಸಿ. ಬ್ಯಾನ್‌ಶೀ ಒಂದು, ಅದರ ಬಡ ತಮ್ಮ ಬ್ಲಾಸ್ಟರ್ 200 ಇನ್ನೊಂದು. ಬ್ಯಾನ್‌ಶೀ ಈಗ ಸಂಗ್ರಹಕಾರರ ಕೈಗೆ ಸಿಕ್ಕಿ ಬೆಲೆ ಕೇಳುವ ಹಾಗಿಲ್ಲ. ಹಾಗಾಗಿ ಕೈಯಲ್ಲಿ ಹೆಚ್ಚು ಹಣವಿಲ್ಲದೆ ಟೂ-ಸ್ಟ್ರೋಕ್ ಮೋಹ ಮಾತ್ರ ಇರುವ ಹುಡುಗರೆಲ್ಲ ಕೊನೆಗೆ ಬ್ಲಾಸ್ಟರ್ ಬಳಿ ಬಂದು ನಿಲ್ಲುತ್ತಾರೆ.

ಬಿಚ್ಚಿ ಜೋಡಿಸುವವರಿಗೆ ಇದು ಹೇಳಿ ಮಾಡಿಸಿದ ಇಂಜಿನ್. ಗಾಳಿಯಿಂದ ತಣಿಯುವ ಒಂಟಿ ಸಿಲಿಂಡರ್, 66 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 57 ಮಿ.ಮೀ. ಸ್ಟ್ರೋಕ್ (ಪಿಸ್ಟನ್ನಿನ ಓಟ), 195 ಸಿ.ಸಿ., ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ರೀಡ್ ವಾಲ್ವ್, 26 ಮಿ.ಮೀ. ಮಿಕುನಿ ಕಾರ್ಬುರೇಟರ್, ಆರು ಗೇರು. ಸ್ಟಾರ್ಟ್ ಮಾಡಲು ಕಿಕ್ಕರ್ ಬಿಟ್ಟರೆ ಬೇರೆ ದಾರಿಯಿಲ್ಲ. ಬೆಂಗಳೂರಿನಲ್ಲಿ ಆರ್‌ಎಕ್ಸ್ 100ರ ಹೆಡ್ ಇಳಿಸಿ ಅಭ್ಯಾಸವಿರುವ ಯಾರೇ ಆದರೂ ಇದರ ಮುಂದೆ ಕೂತರೆ ಅರ್ಧ ಗಂಟೆಯಲ್ಲಿ ಪರಿಚಯವಾಗಿಬಿಡುತ್ತದೆ. ಸಿಲಿಂಡರಿನೊಳಗೆ ಬೀಡುಕಬ್ಬಿಣದ ಸ್ಲೀವ್ ಇರುವುದರಿಂದ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ನಿಕಲ್ ಲೇಪನದ ಸಿಲಿಂಡರ್‌ಗಳಂತೆ ಮತ್ತೆ ಲೇಪನಕ್ಕೆ ಕಳುಹಿಸಿ ಹಣ ಸುರಿಯಬೇಕಾಗಿಲ್ಲ.

ಈ ಪ್ರಕರಣದ ಗಾಡಿ 1999ರ ಮಾದರಿಯದು. ಒಡೆಯ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಕಡೆಯ ಹುಡುಗ, ಹುಬ್ಬಳ್ಳಿ ಮೂಲದ ಮನೆಯವನು. ಹಗಲು ಕಾಲೇಜು, ಸಂಜೆ ಗೋದಾಮಿನಲ್ಲಿ ಕೆಲಸ. ಗಾಡಿ ಕೊಂಡ ಮೇಲೆ ಅದಕ್ಕಾಗಿ ತೆಗೆದಿಟ್ಟಿದ್ದು ಆರುನೂರು ಡಾಲರ್. ಅದಕ್ಕೂ ಮೊದಲೇ ನೂರೈವತ್ತು ಡಾಲರ್ ಕೊಟ್ಟು ಬಳಸಿದ ಎಕ್ಸ್‌ಪಾನ್ಷನ್ ಪೈಪೊಂದನ್ನು (ನಡುವೆ ಉಬ್ಬಿ ತುದಿಗೆ ಕಿರಿದಾಗುವ ಎಕ್ಸಾಸ್ಟ್ ಕೊಳವೆ) ತಂದು ಹಾಕಿದ್ದ, ಗಾಳಿಪೆಟ್ಟಿಗೆಯ ಮುಚ್ಚಳವನ್ನು ಕಿತ್ತೆಸೆದಿದ್ದ, ಕಾರ್ಬುರೇಟರನ್ನು ಮುಟ್ಟಿರಲಿಲ್ಲ. ನನ್ನ ಗ್ಯಾರೇಜಿಗೆ ಗಾಡಿಯನ್ನು ತಳ್ಳಿಕೊಂಡು ಬಂದಾಗ ಅವನು ಹೇಳಿದ್ದು ಇಷ್ಟು: “ಅಂಕಲ್, ಪೈಪ್ ಹಾಕಿದ ಮೇಲೆ ಮೊದಲಿಗಿಂತ ಜೋರಾಗಿಯೇ ಓಡುತ್ತಿತ್ತು. ಆಮೇಲೆ ಏರಿನ ಅರ್ಧದಲ್ಲಿ ತಾನಾಗಿಯೇ ನಿಂತುಬಿಟ್ಟಿತು. ದೊಡ್ಡ ಕಾರ್ಬುರೇಟರ್ ಹಾಕಿದರೆ ಸರಿಹೋಗುತ್ತದೆಯೇ?”

ಪಿಸ್ಟನ್ ಹೇಳಿದ್ದು

ಹೆಡ್ ಮತ್ತು ಸಿಲಿಂಡರ್ ಇಳಿಸಿದಾಗ ಉತ್ತರ ಕಣ್ಣೆದುರೇ ಇತ್ತು. ಪಿಸ್ಟನ್ನಿನ ಎಕ್ಸಾಸ್ಟ್ ಕಡೆಯ ಮೈ ಮೇಲಿನಿಂದ ಕೆಳಗಿನವರೆಗೆ ಉದ್ದುದ್ದ ಗೀರಿ ಹೋಗಿತ್ತು. ಕರಗಿದ ಅಲ್ಯೂಮಿನಿಯಂ ಮೇಲಿನ ರಿಂಗನ್ನು ಅದರ ತೋಡಿನಲ್ಲೇ ಬೆಸೆದುಬಿಟ್ಟಿತ್ತು. ಬೋರಿನಲ್ಲಿ ಅದೇ ಜಾಗದಲ್ಲಿ ಬೆಳ್ಳಗೆ ಪಟ್ಟೆ. ಪ್ಲಗ್ಗಿನ ಪಿಂಗಾಣಿ ಸುಣ್ಣ ಬಳಿದಷ್ಟು ಬಿಳುಪು. ಇಂಜಿನ್ ತಣ್ಣಗಿರುವಾಗಲೇ ಆಕ್ಸಿಲರೇಟರ್ ಪೂರ್ತಿ ಎಳೆದು ಸೀಜ್ ಮಾಡಿಕೊಂಡಿದ್ದರೆ (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲುವುದು) ಗೀರುಗಳು ಪಿಸ್ಟನ್ನಿನ ನಾಲ್ಕು ಮೂಲೆಗಳಲ್ಲಿ ಕಾಣಿಸುತ್ತಿದ್ದವು. ಇಲ್ಲಿ ಎಕ್ಸಾಸ್ಟ್ ಕಡೆ ಮಾತ್ರ ಇದ್ದವು. ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿ ಬೆಂದುಹೋದ ಪಿಸ್ಟನ್ ಇದು.

ಎಕ್ಸ್‌ಪಾನ್ಷನ್ ಪೈಪ್ ಮಾಡುವ ಕೆಲಸವನ್ನು ಅರ್ಥ ಮಾಡಿಕೊಂಡರೆ ಇದರಲ್ಲಿ ಆಶ್ಚರ್ಯವಿಲ್ಲ. ಹೊರಬಂದ ಹೊಗೆಯ ಒತ್ತಡದ ಅಲೆ ಪೈಪಿನ ಅಗಲವಾಗುವ ಭಾಗವನ್ನು ದಾಟುವಾಗ ಅಲ್ಲಿಂದ ಹಿಂತಿರುಗುವುದು ಎಳೆಯುವ ಅಲೆ. ಅದು ಸುಟ್ಟ ಹೊಗೆಯನ್ನೂ ಅದರ ಬೆನ್ನಿಗೆ ಒಂದಿಷ್ಟು ಹೊಸ ಮಿಶ್ರಣವನ್ನೂ ಪೈಪಿನೊಳಕ್ಕೆ ಸೆಳೆಯುತ್ತದೆ. ಮುಂದೆ ಪೈಪ್ ಕಿರಿದಾಗುವ ಜಾಗದಿಂದ ಹಿಂತಿರುಗುವುದು ದೂಡುವ ಅಲೆ. ಎಕ್ಸಾಸ್ಟ್ ಪೋರ್ಟ್ ಮುಚ್ಚುವ ಮೊದಲು ಅದು ಬಂದು ತಲುಪಿದರೆ, ತಪ್ಪಿಸಿಕೊಂಡ ಹೊಸ ಮಿಶ್ರಣ ಮತ್ತೆ ಸಿಲಿಂಡರಿನೊಳಗೆ ಬಂದು ಬೀಳುತ್ತದೆ. ಒಟ್ಟಿನಲ್ಲಿ ಇಂಜಿನ್ ಮೂಲಕ ಹರಿಯುವ ಗಾಳಿ ಹೆಚ್ಚಾಗುತ್ತದೆ, ಶಾಖವೂ ಹೆಚ್ಚಾಗುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗವೇ ಜೆಟ್. ಕಾರ್ಖಾನೆಯ ಜೆಟ್ ಕಾರ್ಖಾನೆಯ ಪೈಪಿಗೆ ಲೆಕ್ಕ ಹಾಕಿ ಇಟ್ಟದ್ದು. ಅದು ಈ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡಲಾರದು. ಮೇಲಾಗಿ ಗಾಳಿಪೆಟ್ಟಿಗೆಯ ಮುಚ್ಚಳವೂ ಹೋಗಿತ್ತು. ಹುಡುಗನಿಗೆ ಸಿಕ್ಕ ಆ ಕೆಲವು ದಿನಗಳ ಜೋರು ಪಿಕಪ್ ನಿಜವಾದದ್ದೇ. ಪೆಟ್ರೋಲ್ ತುಸು ಕಡಿಮೆಯಾದ ಟೂ-ಸ್ಟ್ರೋಕ್ ಸಾಯುವ ಮೊದಲು ಬಹಳ ಚೆನ್ನಾಗಿ ಓಡುತ್ತದೆ.

ಆದರೆ ಜೆಟ್ ಒಂದರ ಮೇಲೆಯೇ ಇಡೀ ಅಪರಾಧವನ್ನು ಹೊರಿಸಲು ನನಗೆ ಮನಸ್ಸಾಗಲಿಲ್ಲ. “ಸೀಜ್ ಆಗುವ ಮೊದಲು ಐಡಲ್ ಹೇಗಿತ್ತು?” ಎಂದು ಕೇಳಿದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಸ್ವಲ್ಪ ಹೊತ್ತು ಕೂಗುತ್ತಲೇ ಇದ್ದು ನಿಧಾನವಾಗಿ ಇಳಿಯುತ್ತಿತ್ತು ಎಂದ. ಎಲ್ಲಿಂದಲೋ ಕಳ್ಳಗಾಳಿ ಎಳೆಯುತ್ತಿರುವುದರ ಲಕ್ಷಣ ಅದು.

ಆರು ಪಿಎಸ್‌ಐ, ಆರು ನಿಮಿಷ

ಬ್ಲಾಸ್ಟರ್ ಓಡಿಸುವವರ ನಡುವೆ ಚಾಲ್ತಿಯಲ್ಲಿರುವ ಪರೀಕ್ಷೆ ಇದು: ಇಂಜಿನ್ನಿನ ಎಲ್ಲ ಬಾಯಿಗಳನ್ನೂ ಮುಚ್ಚಿ ಒಳಗೆ 6 ಪಿಎಸ್‌ಐ ಗಾಳಿ ತುಂಬಿಸಿದರೆ ಆರು ನಿಮಿಷ ಅದು ಇಳಿಯಕೂಡದು. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ (ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ) ಕೂಡ ಒಂದು ಪಂಪು. ಪಿಸ್ಟನ್ ಮೇಲೇರಿದಾಗ ಅದು ಕಾರ್ಬುರೇಟರಿನಿಂದ ಮಿಶ್ರಣ ಎಳೆಯಬೇಕು. ಕ್ರ್ಯಾಂಕಿನ ಎರಡು ತುದಿಗಳ ರಬ್ಬರ್ ಆಯಿಲ್ ಸೀಲ್ ಹಳತಾಗಿ ಗಟ್ಟಿಯಾಗಿದ್ದರೆ ಕಾರ್ಬುರೇಟರಿಗೆ ಗೊತ್ತೇ ಆಗದಂತೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಆ ಗಾಳಿಗೆ ಪೆಟ್ರೋಲ್ ಬೆರೆಸುವವರು ಯಾರೂ ಇಲ್ಲ. ಜೆಟ್ ಎಷ್ಟು ದೊಡ್ಡದು ಮಾಡಿದರೂ ಇಂದಿನ ಲೆಕ್ಕ ನಾಳೆಗೆ ತಪ್ಪುತ್ತದೆ, ಏಕೆಂದರೆ ಸೋರಿಕೆ ದಿನದಿಂದ ದಿನಕ್ಕೆ ಬೆಳೆಯುವಂಥದ್ದು.

ಪರೀಕ್ಷೆಯ ಸಾಮಾನಿಗೆ ಇಪ್ಪತ್ತು ಡಾಲರ್ ಹಿಡಿಯಿತು: ಕೊಳಾಯಿ ಅಂಗಡಿಯ ಎರಡು ರಬ್ಬರ್ ಬಿರಡೆ, ಸೈಕಲ್ ಟ್ಯೂಬಿನ ವಾಲ್ವ್, 15 ಪಿಎಸ್‌ಐವರೆಗಿನ ಒಂದು ಗೇಜ್. ಗಾಳಿ ಹಾಕಲು ರಕ್ತದೊತ್ತಡ ನೋಡುವ ಉಪಕರಣದ ರಬ್ಬರ್ ಬುರುಡೆ ಬಹಳ ಅನುಕೂಲ, ಕಂಪ್ರೆಸರಿನಂತೆ ಒಮ್ಮೆಲೇ ನುಗ್ಗಿಸಿ ಸೀಲ್ ಹಾರಿಸುವುದಿಲ್ಲ. ಆ ಉಪಕರಣದ ಗೇಜನ್ನೇ ಬಳಸೋಣ ಎಂದು ಹುಡುಗ ಹೇಳಿದ. ಆಗುವುದಿಲ್ಲ; 6 ಪಿಎಸ್‌ಐ ಎಂದರೆ ಪಾದರಸದ 310 ಮಿ.ಮೀ., ಆ ಗೇಜಿನ ಮುಳ್ಳು 300ಕ್ಕೆ ಮುಗಿಯುತ್ತದೆ.

ಹಳೆಯ ಪಿಸ್ಟನ್ನನ್ನೇ ಹಾಗೂ ಹೀಗೂ ಕೂರಿಸಿ, ಸಿಲಿಂಡರ್ ಬಿಗಿದು, ಎಕ್ಸಾಸ್ಟ್ ಪೋರ್ಟಿಗೊಂದು ಬಿರಡೆ, ಕಾರ್ಬುರೇಟರ್ ಕೂರುವ ರಬ್ಬರಿಗೊಂದು ಬಿರಡೆ ಹಾಕಿ ಗಾಳಿ ತುಂಬಿಸಿದೆವು. ಮುಳ್ಳು ಆರಕ್ಕೆ ಮುಟ್ಟಿ ಕೈ ತೆಗೆಯುವಷ್ಟರಲ್ಲಿ ಇಳಿಯಲಾರಂಭಿಸಿತು. ಸೋಪಿನ ನೀರನ್ನು ಹೆಡ್ಡಿನ ಅಂಚಿಗೆ, ಬೇಸ್ ಗ್ಯಾಸ್ಕೆಟ್ಟಿಗೆ, ರೀಡ್ ವಾಲ್ವಿನ ಜಾಗಕ್ಕೆ ಸಿಂಪಡಿಸಿದರೆ ಎಲ್ಲಿಯೂ ಗುಳ್ಳೆಯಿಲ್ಲ. ಎಡಗಡೆಯ ಕವರ್ ತೆಗೆದು, ಪುಲ್ಲರ್ ಹಾಕಿ ಮ್ಯಾಗ್ನೆಟ್ ಕಿತ್ತಾಗ ಅದರ ಹಿಂದಿನ ಸೀಲಿನ ತುಟಿಯಿಂದ ನೊರೆ ಉಕ್ಕಿ ಬಂತು. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಇಂಜಿನ್ ಗೇರ್ ಆಯಿಲನ್ನು ಕುಡಿದು ಬಿಳಿ ಹೊಗೆ ಬಿಡುತ್ತಿತ್ತು, ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಮ್ಯಾಗ್ನೆಟ್ ಕಡೆಯದು ಎಳೆಯುವುದು ಬರಿ ಗಾಳಿಯನ್ನು, ಹೊಗೆಯಿಲ್ಲ, ಸದ್ದಿಲ್ಲ.

ಸೀಲ್‌ಗಳು, ಪೂರ್ತಿ ಗ್ಯಾಸ್ಕೆಟ್ ಸೆಟ್, ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್, ಬೋರಿಂಗ್ ಮತ್ತು ಹೋನಿಂಗ್ ಎಲ್ಲ ಸೇರಿ 240 ಡಾಲರ್. 66.5 ಮಿ.ಮೀ. ಬೋರಿಗೆ ಇಂಜಿನ್ 198 ಸಿ.ಸಿ. ಆಗುತ್ತದೆ, ಆ ಮೂರು ಸಿ.ಸಿ.ಯಿಂದ ಯಾವ ಲಾಭವೂ ಇಲ್ಲ, ಗೀರು ಅಳಿಸಲು ಅಷ್ಟು ಬೇಕಿತ್ತು ಅಷ್ಟೇ. ಪಿಸ್ಟನ್ ಫೋರ್ಜ್ ಮಾಡಿದ್ದು. ಅದು ಎರಕದ ಪಿಸ್ಟನ್ನಿಗಿಂತ ಗಟ್ಟಿ, ಆದರೆ ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುವ ಕ್ಲಿಯರೆನ್ಸನ್ನೇ (ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದಿಯನ್ನೇ) ಬೋರಿಂಗ್ ಮಾಡುವವನಿಗೆ ಕೊಡಬೇಕು. ಪಿಸ್ಟನ್ನನ್ನು ಅವನ ಕೈಗೆ ಕೊಟ್ಟ ಮೇಲೆಯೇ ಬೋರ್ ಮಾಡಿಸಬೇಕು, ಮೊದಲೇ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುವುದಲ್ಲ. ಹೊಸ ಸೀಲ್ ಕೂರಿಸಿ ಪರೀಕ್ಷೆ ಮಾಡಿದಾಗ ಮುಳ್ಳು ಆರರಿಂದ ಅಲ್ಲಾಡಲಿಲ್ಲ.

ಬಜೆಟ್ಟಿನ ದೊಡ್ಡ ಪಾಲು ಹೀಗೆ ಹೋಯಿತು, ಶಕ್ತಿ ಹೆಚ್ಚಿಸುವ ಒಂದು ಭಾಗವೂ ಬಂದಿರಲಿಲ್ಲ. ಹುಡುಗನ ಮುಖ ನೋಡಬೇಕಿತ್ತು.

ಶಕ್ತಿಗೆ ಕೊಟ್ಟ ಹಣ

ಪಿಕಪ್ಪಿಗಾಗಿಯೇ ಎಂದು ಖರ್ಚಾದದ್ದು, ಪೈಪ್ ಬಿಟ್ಟರೆ, 143 ಡಾಲರ್: ರೀಡ್ ವಾಲ್ವಿನ ಎಲೆಗಳು, ಅಂದರೆ ಪೆಟಲ್ 40, ಜೆಟ್‌ಗಳು 25, ಹೆಡ್ಡಿನ ಲೇಥ್ ಕೆಲಸ 60, ಚೈನಿನ ಮುಂಭಾಗದ ಸ್ಪ್ರಾಕೆಟ್ 18.

ಇವುಗಳಲ್ಲಿ ನನ್ನ ಮೆಚ್ಚಿನದು ಹೆಡ್ ಕೆಲಸ. ಪಿಸ್ಟನ್ ತುತ್ತತುದಿಗೆ ಬಂದಾಗ ಅದರ ಅಂಚಿಗೂ ಹೆಡ್ಡಿನ ಅಂಚಿಗೂ ನಡುವೆ ಉಳಿಯುವ ಸಂದಿಗೆ ಸ್ಕ್ವಿಶ್ ಎನ್ನುತ್ತಾರೆ. ಸಂದಿ ಕಿರಿದಾಗಿದ್ದರೆ ಅಂಚಿನಲ್ಲಿರುವ ಮಿಶ್ರಣ ರಭಸವಾಗಿ ನಡುವಿಗೆ ಚಿಮ್ಮಿ ಚೆನ್ನಾಗಿ ಉರಿಯುತ್ತದೆ. ಅಗಲವಾಗಿದ್ದರೆ ಅಲ್ಲಿ ಸಿಕ್ಕಿಕೊಂಡ ಮಿಶ್ರಣ ತಡವಾಗಿ ಬಿಸಿಯಾಗಿ ತಾನಾಗಿ ಸಿಡಿಯುವ ಅಪಾಯವಿದೆ. ಅಳೆಯಲು ಎಲೆಕ್ಟ್ರಾನಿಕ್ಸ್ ಅಂಗಡಿಯ ಬೆಸುಗೆ ತಂತಿ ಸಾಕು. ಪ್ಲಗ್ಗಿನ ತೂತಿನಿಂದ ತಂತಿಯನ್ನು ಸಿಲಿಂಡರಿನ ಗೋಡೆಗೆ ಮುಟ್ಟುವಂತೆ ಇಳಿಸಿ, ಕಿಕ್ಕರನ್ನು ಕೈಯಿಂದ ಒತ್ತಿ ಪಿಸ್ಟನ್ನನ್ನು ಒಮ್ಮೆ ಮೇಲೆ ದಾಟಿಸಿದರೆ ತಂತಿಯ ತುದಿ ಅಪ್ಪಚ್ಚಿಯಾಗುತ್ತದೆ. ಅದರ ದಪ್ಪವೇ ಸ್ಕ್ವಿಶ್. ತಂತಿಯನ್ನು ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್ನಿನ ಸಾಲಿನಲ್ಲೇ, ಎಡಕ್ಕೂ ಬಲಕ್ಕೂ ಇಡಬೇಕು. ಬೇರೆ ದಿಕ್ಕಿನಲ್ಲಿ ಇಟ್ಟರೆ ಪಿಸ್ಟನ್ ವಾಲಿ ಸುಳ್ಳು ಲೆಕ್ಕ ಬರುತ್ತದೆ. ಈ ಗಾಡಿಯಲ್ಲಿ ಸಿಕ್ಕಿದ್ದು 1.7 ಮಿ.ಮೀ. ಲೇಥಿನಲ್ಲಿ ಹೆಡ್ಡಿನ ಮುಖ ತೆಗೆಸಿ 1.15ಕ್ಕೆ ತಂದೆವು. ಅದಕ್ಕಿಂತ ಕೆಳಗೆ ಹೋಗಬೇಡ ಎಂದು ಲೇಥಿನವನಿಗೆ ಕಾಗದದಲ್ಲಿ ಬರೆದುಕೊಟ್ಟೆ. ಹೆಚ್ಚಿನ ಆರ್‌ಪಿಎಂನಲ್ಲಿ ಕನೆಕ್ಟಿಂಗ್ ರಾಡ್ ತುಸು ಹಿಗ್ಗುತ್ತದೆ, ಬೇರಿಂಗ್‌ಗಳ ಆಟವೂ ಸೇರಿಕೊಳ್ಳುತ್ತದೆ, ಪಿಸ್ಟನ್ ಹೆಡ್ಡಿಗೆ ಬಡಿಯಬಾರದಲ್ಲ. ಬಂಕಿನಲ್ಲಿ ಸಿಗುವ 93 ಆಕ್ಟೇನ್ ಪೆಟ್ರೋಲಿಗೆ ಇಷ್ಟು ಕಂಪ್ರೆಷನ್ ಧಾರಾಳವಾಗಿ ಸಾಕು. ಈ ಒಂದೇ ಬದಲಾವಣೆಯಿಂದ ಕೆಳಗಿನ ಆರ್‌ಪಿಎಂನಿಂದ ಮೇಲಿನವರೆಗೆ ಎಲ್ಲ ಕಡೆ ಎಳೆತ ಸಿಗುತ್ತದೆ. ಪೈಪಿನ ಹಾಗೆ ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುವುದಿಲ್ಲ.

ರೀಡ್ ಪೆಟಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯವು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಸಂದಿ ಕಾಣುತ್ತಿತ್ತು, ಹೇಗೂ ಬದಲಿಸಲೇಬೇಕಿತ್ತು. ಫೈಬರಿನವು ಹಾಕಿದೆವು, ಮುರಿದು ಒಳಗೆ ಹೋದರೂ ಉಕ್ಕಿನ ಚೂರಿನಷ್ಟು ಹಾನಿ ಮಾಡುವುದಿಲ್ಲ.

ಸ್ಪ್ರಾಕೆಟ್ 13 ಹಲ್ಲಿನದು ತೆಗೆದು 12 ಹಲ್ಲಿನದು. ಹಿಂದಿನದು 40 ಹಲ್ಲು, ಅದನ್ನು ಮುಟ್ಟಲಿಲ್ಲ. ಅನುಪಾತ 3.08ರಿಂದ 3.33ಕ್ಕೆ ಏರಿತು. ಟಾಪ್ ಸ್ಪೀಡ್ ಎಂಟು ಪ್ರತಿಶತದಷ್ಟು ಕಡಿಮೆಯಾಯಿತು. ಮರಳಿನಲ್ಲಿ ಆ ಟಾಪ್ ಸ್ಪೀಡನ್ನು ಯಾರೂ ಮುಟ್ಟುವುದಿಲ್ಲ. ಆದರೆ ಪ್ರತಿ ಗೇರಿನಲ್ಲೂ ಇಂಜಿನ್ ಪೈಪಿನ ಲಯಕ್ಕೆ ಬೇಗ ಬಂದು ಕೂರುತ್ತದೆ. ಹದಿನೆಂಟು ಡಾಲರಿಗೆ ಇಷ್ಟು ಕೊಡುವ ಬೇರೆ ಭಾಗ ಈ ಗಾಡಿಯಲ್ಲಿ ಇಲ್ಲ. ದೊಡ್ಡ ಕಾರ್ಬುರೇಟರ್ ಬೇಕೆಂದಿದ್ದ ಹುಡುಗ ಇದನ್ನು ನಂಬಲು ಸಿದ್ಧನಿರಲಿಲ್ಲ.

ಇನ್ನು ಜೆಟ್. ಕಾರ್ಖಾನೆಯ ಮೇನ್ ಜೆಟ್ 230ರ ಆಸುಪಾಸಿನದು; ಅಂಕಿ ದೊಡ್ಡದಾದಷ್ಟೂ ಪೆಟ್ರೋಲ್ ಹೆಚ್ಚು. ಪೈಪ್ ಹಾಕಿ ಮುಚ್ಚಳ ತೆಗೆದ ಬ್ಲಾಸ್ಟರಿಗೆ ಸಾಮಾನ್ಯವಾಗಿ 280ರಿಂದ 310ರ ನಡುವೆ ಎಲ್ಲೋ ಒಂದು ಹೊಂದುತ್ತದೆ. ಯಾವಾಗಲೂ ದೊಡ್ಡದರಿಂದ ಶುರು ಮಾಡಿ ಕೆಳಗಿಳಿಯಬೇಕು. ಪೆಟ್ರೋಲ್ ಹೆಚ್ಚಾದರೆ ಇಂಜಿನ್ ಗೊಳಗೊಳ ಎನ್ನುತ್ತದೆ, ಪ್ಲಗ್ ಕಪ್ಪಾಗುತ್ತದೆ, ಅಷ್ಟೇ. ಕಡಿಮೆಯಾದರೆ ಮತ್ತೆ ಬೋರಿಂಗ್ ಅಂಗಡಿಗೆ ಹೋಗಬೇಕು. 310 ಹಾಕಿದಾಗ ಪೂರ್ತಿ ಎಳೆದರೆ ಮೇಲೆ ತೊದಲುತ್ತಿತ್ತು. 300ರಲ್ಲಿ ಸ್ವಲ್ಪ ಬಿಡಿಸಿಕೊಂಡಿತು. 290ರಲ್ಲಿ ಸ್ವಚ್ಛವಾಗಿ ಎಳೆಯಿತು. ಹೊಸ ಎನ್‌ಜಿಕೆ ಬಿ8ಇಎಸ್ ಪ್ಲಗ್ ಹಾಕಿ, ಪೂರ್ತಿ ಎಳೆದು ಓಡಿಸಿ, ಆಕ್ಸಿಲರೇಟರ್ ಬಿಡದೆಯೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿದರೆ ಪಿಂಗಾಣಿಯ ಬುಡದಲ್ಲಿ ಕಾಫಿ ಬಣ್ಣದ ಉಂಗುರ. ಅಲ್ಲಿಗೆ ನಿಲ್ಲಿಸಿದೆವು. 280 ಹಾಕಿದರೆ ಇನ್ನೂ ಚುರುಕಾಗಬಹುದೇನೋ ಎಂದು ಹುಡುಗ ಕೇಳಿದ. ಆಗುತ್ತದೆ, ಅದಕ್ಕೇ ಬೇಡ ಎಂದೆ. ಈ ಲೆಕ್ಕ ಜುಲೈ ತಿಂಗಳಿನದು. ಏಪ್ರಿಲ್‌ನ ಚಳಿಯಲ್ಲಿ ಗಾಳಿ ದಟ್ಟವಾಗಿರುತ್ತದೆ. ಆಗ 300ಕ್ಕೆ ಹಿಂತಿರುಗಬೇಕು.

ಮಾಡದೆ ಬಿಟ್ಟದ್ದು, ಕಿತ್ತು ಹಾಕಿದ್ದು

ಮ್ಯಾಗ್ನೆಟ್ಟಿನ ಹಿಂದಿನ ಸ್ಟೇಟರ್ ಪ್ಲೇಟನ್ನು ಅರೆದು ತಿರುಗಿಸಿ ಇಗ್ನಿಷನ್ ಟೈಮಿಂಗ್ ಮುಂದಕ್ಕೆ ತರುವುದು, ಅಂದರೆ ಕಿಡಿ ಬೇಗ ಹಾರುವಂತೆ ಮಾಡುವುದು, ಬ್ಲಾಸ್ಟರ್ ಬಳಗದಲ್ಲಿ ಬಹಳ ಜನಪ್ರಿಯ, ಏಕೆಂದರೆ ಪುಕ್ಕಟೆ. ನಾನು ಬೇಡವೆಂದೆ. ಕಂಪ್ರೆಷನ್ ಈಗಾಗಲೇ ಏರಿಸಿದ್ದೇವೆ, ಇಂಜಿನ್ ತಣಿಯುವುದು ಬರಿ ಗಾಳಿಯಿಂದ, ಮರಳಿನ ಏರಿನಲ್ಲಿ ಗಾಡಿ ನಿಧಾನ, ಇಂಜಿನ್ ಮಾತ್ರ ಪೂರ್ತಿ ಜೋರು. ಅಂದರೆ ಶಾಖ ಅತಿ ಹೆಚ್ಚು ಹುಟ್ಟುವ ಹೊತ್ತಿನಲ್ಲೇ ತಣಿಸುವ ಗಾಳಿ ಅತಿ ಕಡಿಮೆ. ಸಿಲಿಂಡರಿನ ಬಾಯಿಗಳನ್ನು ಅರೆದು ದೊಡ್ಡದು ಮಾಡುವ ಪೋರ್ಟಿಂಗ್ ಕೂಡ ಬಿಟ್ಟೆವು. ಎಕ್ಸಾಸ್ಟ್ ಪೋರ್ಟ್ ಎತ್ತರಿಸಿದರೆ ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಸಿಗುತ್ತದೆ, ಕೆಳಗೆ ಕಳೆಯುತ್ತದೆ, ಒಮ್ಮೆ ಅರೆದ ಲೋಹ ಮತ್ತೆ ಬರುವುದಿಲ್ಲ.

ಟಾರ್ಸ್ ಎನ್ನುವ ವ್ಯವಸ್ಥೆಯ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಸಾಕಷ್ಟು ವಾದವಾಯಿತು. ಬ್ಲಾಸ್ಟರಿನಲ್ಲಿ ಹೆಬ್ಬೆರಳಿನಿಂದ ಒತ್ತುವ ಆಕ್ಸಿಲರೇಟರ್ ಲಿವರ್ ಬಿಟ್ಟ ಮೇಲೂ ಕಾರ್ಬುರೇಟರಿನ ಸ್ಲೈಡ್ ಮೇಲೆಯೇ ಸಿಕ್ಕಿಕೊಂಡಿದ್ದರೆ ಇಗ್ನಿಷನ್ ಕಡಿತ ಮಾಡಿ ಇಂಜಿನ್ ಏರದಂತೆ ತಡೆಯಲು ಎರಡು ಸ್ವಿಚ್ ಇಟ್ಟಿದ್ದಾರೆ. ಯೋಚನೆ ಒಳ್ಳೆಯದೇ. ಆದರೆ ಸ್ವಿಚ್‌ಗಳು ಹಳತಾದಾಗ ಏನೂ ಆಗದಿದ್ದರೂ ಇಂಜಿನ್ ಉಸಿರು ಕಟ್ಟಿಸುತ್ತವೆ. ಪಾರ್ಕಿಂಗ್ ಬ್ರೇಕಿನ ಸ್ವಿಚ್ಚಿಗೂ ಅದೇ ಚಾಳಿ. ಜೆಟ್ ಸರಿಯಿಲ್ಲ ಎಂದುಕೊಂಡು ಕಾರ್ಬುರೇಟರನ್ನು ಮತ್ತೆ ಮತ್ತೆ ಬಿಚ್ಚುವ ಎಷ್ಟೋ ಜನರ ನಿಜವಾದ ತೊಂದರೆ ಈ ತಂತಿಗಳಲ್ಲಿ ಇರುತ್ತದೆ. ತೆಗೆಯುತ್ತೇನೆ, ಆದರೆ ಒಂದು ಷರತ್ತು ಎಂದೆ: ಮಣಿಕಟ್ಟಿಗೆ ಹಗ್ಗ ಕಟ್ಟಿಕೊಳ್ಳುವ ಕಿಲ್ ಸ್ವಿಚ್ ಹಾಕಬೇಕು, ಸವಾರ ಬಿದ್ದ ತಕ್ಷಣ ಇಂಜಿನ್ ನಿಲ್ಲಬೇಕು. ಟಾರ್ಸ್ ತೆಗೆಯುವ ಕಿಟ್ಟೂ ಈ ಸ್ವಿಚ್ಚೂ ಸೇರಿ 50 ಡಾಲರ್.

ತಾನಾಗಿ ಆಯಿಲ್ ಬೆರೆಸುವ ಪಂಪನ್ನೂ ತೆಗೆದು, ಕೈಯಿಂದಲೇ ಬೆರೆಸುವ 32:1 ಮಿಶ್ರಣಕ್ಕೆ ಬಂದೆವು, ಒಂದು ಗ್ಯಾಲನ್ ಪೆಟ್ರೋಲಿಗೆ ನಾಲ್ಕು ಔನ್ಸ್ ಆಯಿಲ್. ಇದರಿಂದ ಶಕ್ತಿ ಹೆಚ್ಚುವುದಿಲ್ಲ. ಹಳೆಯ ಪಂಪನ್ನು ನಂಬುವುದೋ, ಆಯಿಲ್ ಬೆರೆಸಲು ಮರೆಯದ ಒಡೆಯನನ್ನು ನಂಬುವುದೋ ಎನ್ನುವ ಆಯ್ಕೆ ಅಷ್ಟೇ. ಪಂಪಿನ ತಂತಿಯ ಹೊಂದಾಣಿಕೆ ಕೆಟ್ಟಿತ್ತು. ಒಡೆಯ ಗೋದಾಮಿನಲ್ಲಿ ಪಟ್ಟಿ ಹಿಡಿದು ಕೆಲಸ ಮಾಡುವವನು. ಅವನನ್ನೇ ನಂಬಿದೆ. ಆಯಿಲ್ ಪ್ರಮಾಣ ಬದಲಾದರೆ ಅಷ್ಟರಮಟ್ಟಿಗೆ ಪೆಟ್ರೋಲಿನ ಪಾಲೂ ಬದಲಾಗುತ್ತದೆ, ಹಾಗಾಗಿ ಈ ಕೆಲಸ ಜೆಟ್ ನೋಡುವ ಮೊದಲೇ ಮುಗಿಯಬೇಕು.

ಗಾಳಿಪೆಟ್ಟಿಗೆಯ ಮುಚ್ಚಳವಿಲ್ಲದೆಯೇ ಬಿಟ್ಟೆವು. ಆದರೆ ಆಯಿಲ್ ಹಚ್ಚುವ ಹೊಸ ಫೋಮ್ ಫಿಲ್ಟರಿಗೂ ಅದರ ಮೇಲಿನ ಬಟ್ಟೆಯ ಹೊದಿಕೆಗೂ 55 ಡಾಲರ್ ಕೊಟ್ಟದ್ದು ನನ್ನ ಹಟ. ಮಿಷಿಗನ್ ಸರೋವರದ ದಡದ ಸಿಲ್ವರ್ ಲೇಕ್ ಮರಳುದಿಬ್ಬಗಳಲ್ಲಿ ಗಾಳಿಯೇ ಮರಳು ಹೊತ್ತು ಬರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಫಿಲ್ಟರ್ ದಾಟಿದ ಮರಳು ಪಿಸ್ಟನ್ನಿಗೆ ತಲುಪುವ ಮೊದಲು ಕ್ರ್ಯಾಂಕಿನ ಬೇರಿಂಗ್‌ಗಳನ್ನು ಸವರಿಕೊಂಡೇ ಹೋಗುತ್ತದೆ.

ದಿಬ್ಬದ ಮೇಲೆ

ಸಿಲ್ವರ್ ಲೇಕ್‌ನಲ್ಲಿ ಗಾಡಿ ಓಡಿಸಲು ಬಿಟ್ಟಿರುವ ಜಾಗ ಸುಮಾರು 450 ಎಕರೆ, ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ. ದಿಬ್ಬದ ಆಚೆಯವರಿಗೆ ಕಾಣುವಂತೆ ಗಾಡಿಗೆ ಕಿತ್ತಳೆ ಬಾವುಟ ಕಟ್ಟಬೇಕು. ಸದ್ದು 94 ಡೆಸಿಬೆಲ್ ಮೀರಬಾರದು, ಕಿಡಿ ಹಾರದಂತೆ ಸೈಲೆನ್ಸರಿನಲ್ಲಿ ಸ್ಪಾರ್ಕ್ ಅರೆಸ್ಟರ್ ಇರಬೇಕು. ಹುಡುಗ ತಂದ ಪೈಪಿನ ಹಿಂದಿನ ಸೈಲೆನ್ಸರಿನೊಳಗೆ ತುಂಬುವ ಗಾಜಿನೆಳೆಯ ಹತ್ತಿ ಸುಟ್ಟು ಖಾಲಿಯಾಗಿತ್ತು. ಅದನ್ನು ಹೊಸದಾಗಿ ತುಂಬಿದ್ದು ಕಾನೂನಿಗಾಗಿ ಮಾತ್ರವಲ್ಲ, ಅವನ ತಾಯಿಗಾಗಿಯೂ. ಮನೆಯಂಗಳದಲ್ಲಿ ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಅಕ್ಕಪಕ್ಕದವರಿಗೆ ಉತ್ತರ ಕೊಟ್ಟವರು ಅವರು.

ಡೈನೋ ಯಂತ್ರದ ಮೇಲೆ ಏರಿಸಿ ಎಷ್ಟು ಕುದುರೆಶಕ್ತಿ ಎಂದು ಅಳೆಯಲಿಲ್ಲ, ಅದಕ್ಕೆ ಕೊಡುವ ಹಣವಿದ್ದರೆ ಇನ್ನೆರಡು ಭಾಗ ಬರುತ್ತವೆ. ಗಾಡಿ ನಿಂತುಹೋಗಿದ್ದ ಅದೇ ಏರನ್ನೇ ಅಳತೆಗೋಲು ಮಾಡಿಕೊಂಡೆವು. ಹಿಂದೆ ಅರ್ಧದಲ್ಲಿ ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಬೇಕಾಗುತ್ತಿತ್ತಂತೆ. ಈಗ ಮೂರನೆಯದರಲ್ಲಿ ತುದಿ ಮುಟ್ಟಿತು, ತುದಿಯ ಹತ್ತಿರ ನಾಲ್ಕಕ್ಕೆ ಹಾಕಿದರೂ ಸೋಲಲಿಲ್ಲ. ಇದರಲ್ಲಿ ಹೊಸ ಶಕ್ತಿ ಎಷ್ಟು, ಸೋರುತ್ತಿದ್ದ ಸೀಲ್ ಮುಚ್ಚಿದ್ದರಿಂದ ಮರಳಿ ಸಿಕ್ಕ ಹಳೆಯ ಶಕ್ತಿ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡನೆಯದೇ ದೊಡ್ಡದು ಎಂದು ನನ್ನ ಅಂದಾಜು. ಏಕೆಂದರೆ ಅತಿ ಹೆಚ್ಚು ಬದಲಾದದ್ದು ಆಕ್ಸಿಲರೇಟರ್ ಅರ್ಧದಲ್ಲಿರುವಾಗಿನ ನಡತೆ, ಅಲ್ಲಿ ಪೈಪಿನ ಪಾತ್ರ ಕಡಿಮೆ.

1999ರ ಬ್ಲಾಸ್ಟರಿಗೆ ಮುಂದೆ ಇರುವುದು ಡ್ರಮ್ ಬ್ರೇಕ್. ಡಿಸ್ಕ್ ಬಂದದ್ದು 2003ರಲ್ಲಿ. ದಿಬ್ಬ ಇಳಿಯುವಾಗ ಹುಡುಗನಿಗೆ ಅದು ಅರಿವಾಯಿತು. ಬ್ರೇಕ್ ಶೂಗಳಿಗೆ ಹೋದ 40 ಡಾಲರ್ ಸೇರಿಸಿ ಒಟ್ಟು ಲೆಕ್ಕ 563ಕ್ಕೆ ನಿಂತಿತು, ಆಯಿಲ್ ಪಂಪ್ ತೆಗೆದ ಜಾಗ ಮುಚ್ಚುವ ಪ್ಲೇಟಿನ 15, ಪರೀಕ್ಷೆಯ ಗೇಜಿನ 20 ಎಲ್ಲ ಸೇರಿ. ಉಳಿದದ್ದರಲ್ಲಿ ಎರಡು ಪ್ಲಗ್ಗೂ ಗೇರ್ ಆಯಿಲೂ ಬಂದವು. ಪೂರ್ತಿ ಎಳೆದಾಗ ಕ್ಲಚ್ ಈಗ ತುಸು ಜಾರುತ್ತಿದೆ, ಮುಂದಿನ ಖರ್ಚು ಗಟ್ಟಿ ಸ್ಪ್ರಿಂಗ್‌ಗಳಿಗೆ. ಹುಡುಗ ದೊಡ್ಡ ಕಾರ್ಬುರೇಟರಿನ ಬೆಲೆಯನ್ನು ಮೊಬೈಲಿನಲ್ಲಿ ಇನ್ನೂ ನೋಡುತ್ತಲೇ ಇದ್ದಾನೆ.